ಸುಳ್ಳು ಮೋಡಕ್ಕೆ ಸಿಕ್ಕಿದ ಅಂಗಿ

ವಿದ್ಯುತ್ ಲ್ಯಾಬಿನಲ್ಲಿ ಮೀಟರ್ ನೋಡಿಕೊಳ್ಳುವ ಮೀಟರಣ್ಣನ ಮನೆಯ ವಾಷಿಂಗ್ ಮೆಷಿನ್ ಕೆಟ್ಟಿತ್ತು. ಹೆಂಡತಿಯ ಬಲಗೈಗೆ ಪ್ಲಾಸ್ಟರ್. ಮಧ್ಯಾಹ್ನ ಅವಳಿಗೆ ಕೆಲಸದ ಸಂದರ್ಶನ. ಪ್ಲಾಸ್ಟರ್ ತೂರುವಷ್ಟು ಅಗಲ ತೋಳಿನ ಅಂಗಿ ಅವಳಿಗಿದ್ದದ್ದು ಒಂದೇ. ಅದರ ಮೇಲೇ ಮೀಟರಣ್ಣ ಕಾಫಿ ಚೆಲ್ಲಿದ.

"ಲ್ಯಾಬಲ್ಲಿ ಒಗೆದು ಊಟದ ಹೊತ್ತಿಗೆ ತಂದ್ಕೊಡ್ತೀನಿ ಕಣೇ" ಅಂದುಬಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು?

ಲ್ಯಾಬಿನ ಮೆಷಿನ್ ನಿಜವಾದದ್ದೇ. ಅದಕ್ಕೆ ಜೋಡಿಸಿದ ಊರು ಮಾತ್ರ ಸುಳ್ಳು. ಸಾವಿರ ಮನೆ, ಕರೆಂಟಿನ ತಂತಿ ಒಂದು ಕಂಪ್ಯೂಟರಿನಲ್ಲಿ. ಬಿಸಿಲು, ಮೋಡ ಇನ್ನೊಂದರಲ್ಲಿ. ಆ ಊರಿಗೆ ಬಿಸಿಲಿನಿಂದಲೇ ಕರೆಂಟು; ಅಲ್ಲಿ ಬಿಸಿಲಿದ್ದರೆ ಮಾತ್ರ ಮೆಷಿನ್ ತಿರುಗಬೇಕು. ಅದೇ ಪ್ರಯೋಗ. ಇಷ್ಟು ದಿನ ಖಾಲಿಯೇ ತಿರುಗುತ್ತಿತ್ತು.

ಅಂಗಿ ನೆನೆಯಿತು, ನೊರೆ ಬಂತು, ಮೆಷಿನ್ ಗಪ್ಪನೆ ನಿಂತಿತು. ಬಾಗಿಲು ಬೀಗ ಹಾಕಿಕೊಂಡಿತು.

"ಮೋಡ ಬಂತಣ್ಣ!" ಹವಾಮಾನದ ಕಂಪ್ಯೂಟರ್ ನೋಡಿಕೊಳ್ಳುವ ಮೋಡದಕ್ಕ ಕೂಗಿದಳು.

"ಕಿಟಕಿಯಾಚೆ ನೋಡಕ್ಕ, ಬಿಸಿಲು ಸುರೀತಿದೆ!"

"ಆ ಸೂರ್ಯ ನಮ್ಮ ಲೆಕ್ಕಕ್ಕಿಲ್ಲ."

"ಪ್ಲಗ್ ಕೀಳ್ಲಾ?" ಎಲೆಕ್ಟ್ರಿಷಿಯನ್ ಕೈ ಹಾಕಿದ.

"ಕಿತ್ರೆ ಪ್ರಯೋಗ ಹಾಳು. ಸಾಹೇಬ್ರು ನನ್ನ ಚರ್ಮ ಸುಲೀತಾರೆ!" ಮೀಟರಣ್ಣ ತಡೆದ.

"ಎರಡು ಗುದ್ದು ಹಾಕಿ ನೋಡಿ" ಅಂದ ಕಾವಲುಗಾರ. ಹಾಕಿದ್ದೂ ಆಯಿತು. ಮೆಷಿನ್ ಹೊಟ್ಟೆ ತುಂಬಿದ ಎಮ್ಮೆಯಂತೆ ಅಲ್ಲಾಡಲಿಲ್ಲ.

ಕೊನೆಗೆ ಮೀಟರಣ್ಣ ಕಾಫಿ, ಅಂಗಿ, ಹೆಂಡತಿಯ ಸಂದರ್ಶನ ಎಲ್ಲ ನಿಜ ಹೇಳಿದ. ಮೋಡದಕ್ಕ ಕರಗಿದಳು. "ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?" ಎಂದು ಮೋಡವನ್ನು ಪಕ್ಕಕ್ಕೆ ಸರಿಸಿದಳು.

ಬಿಸಿಲು ಬಂತು. ಅಂಗಿ ಎರಡು ಸುತ್ತು ತಿರುಗಿತು. ಅದೇ ಬಿಸಿಲಿಗೆ ಕಾದಿದ್ದ ಸಾವಿರ ಮನೆಗಳ ಮೆಷಿನ್ನುಗಳೂ ಒಟ್ಟಿಗೇ ಎದ್ದವು. ಟಪ್! ಅಷ್ಟು ಹೊರೆ ತಾಳದೆ ಪರದೆಯ ಮೇಲಿನ ಊರಿಗೆ ಊರೇ ಕತ್ತಲು. ಅಂಗಿ ಮತ್ತೆ ನಿಂತಿತು. ಗಡಿಯಾರ ನೋಡಿದರೆ ಸಂದರ್ಶನದ ಹೊತ್ತು ಮೀರಿತ್ತು.

ಸಾಹೇಬರು ಓಡಿಬಂದರು. ಮೀಟರಣ್ಣ ಮೆಷಿನ್ನಿಗೆ ಅಡ್ಡ ನಿಂತ. ಪರದೆ ನೋಡಿದವರೇ ಅವರು ಅವನ ಬೆನ್ನು ತಟ್ಟಿದರು. "ಭೇಷ್! ಮೋಡ ಸರಿದ್ರೆ ಊರೇ ಕತ್ತಲಲ್ಲಿ ಮುಳುಗುತ್ತೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಇನ್ನು ತಿಂಗಳಿಡೀ ಇದನ್ನೇ ಮಾಡಿ. ಒಳಗಿರೋ ಬಟ್ಟೆ ಮುಟ್ಟಬೇಡಿ, ಅದೇ ತೂಕ ಬೇಕು!"

ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಕಾದು ಕಾದು ಸಾಕಾಯ್ತು. ನಿಮ್ಮ ಅಗಲ ತೋಳಿನ ನೀಲಿ ಅಂಗೀನೇ ಹಾಕ್ಕೊಂಡು ಹೋದೆ. ಕೆಲಸ ಸಿಕ್ತು!"

ಅವನು ಮೆಷಿನ್ನಿನ ಬಾಗಿಲು ಮೆಲ್ಲಗೆ ಎಳೆದು ನೋಡಿದ.

"ನಾಳೆಯಿಂದಾನೇ ಬನ್ನಿ ಅಂದ್ರು. ನನ್ನ ಅಂಗಿ ಒಣಗಿತಾ?"

ಗಾಜಿನ ಹಿಂದೆ ನೊರೆಯಲ್ಲಿ ಮುಳುಗಿದ ತೋಳನ್ನು ಮೀಟರಣ್ಣ ನೋಡಿದ. ಅವನಿಗಿದ್ದ ಒಳ್ಳೆಯ ಅಂಗಿ ಆ ನೀಲಿಯದೊಂದೇ.

"ನೀಲಿ ನಿನಗೇ ಚೆನ್ನಾಗಿ ಒಪ್ಪುತ್ತೆ ಕಣೇ" ಅಂದ. "ನೀನೇ ಇಟ್ಕೋ."