ರೈ ಬಿಯರಿಗೆ ನಾಲ್ಕು ಸಾಲು

ಬೀದಿಗೆಲ್ಲ ಲೇಬಲ್ ಎಂದೇ ಗೊತ್ತಿದ್ದವನು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದ. ಮಗಳು ಪುಟ್ಟಿಯ ಒಂದು ಕಾಲುಚೀಲ ಸಿಕ್ಕಿ, ಅದರ ಜೊತೆಯದಕ್ಕೆ ಬಕೆಟ್ಟಿನ ತಳ ತಡಕುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಬಂದಿದ್ದವನು ಒಂದು ಕಂದು ಬಾಟಲಿಯನ್ನೂ ಚೀಟಿಯನ್ನೂ ಅವನ ಒದ್ದೆ ಕೈಗಿಟ್ಟು ಹೋದ.

ಸೋಪು, ಶಾಂಪೂ, ಜಾಮುಗಳ ಹಿಂಬದಿಯ ಮಾತು ಬರೆಯುವುದೇ ಅವನ ಕಸುಬಾದ್ದರಿಂದ ಬೀದಿಯವರು ಇಟ್ಟ ಹೆಸರು ಲೇಬಲ್. ಎರಡು ತಿಂಗಳಿಂದ ಅವನ ಪ್ರತಿಭೆಯೆಲ್ಲ ಒಂದೇ ಒಂದು ಫಿನಾಯಿಲಿಗೆ ಸುರಿದುಹೋಗಿತ್ತು.

ಚೀಟಿ ಸಣ್ಣದೊಂದು ಬಿಯರ್ ಕಾರ್ಖಾನೆಯ ಯಜಮಾನನದು. ‘ಗೋಧಿಯಂಥ ರೈ ಧಾನ್ಯದಿಂದ ಜರ್ಮನ್ ರೀತಿಯಲ್ಲಿ ಮಾಡಿದ್ದು. ಕುಡಿದು ನಾಲ್ಕು ಸಾಲು ಬರೆಯಿರಿ. ಕುಡಿಯದೆ ಬರೆದರೆ ನನಗೆ ತಿಳಿಯುತ್ತದೆ. ಹನ್ನೆರಡಕ್ಕೆ ಬರುತ್ತೇನೆ. ಹಿಡಿಸಿದರೆ ನಮ್ಮ ಬಾಟಲಿಗಳ ಬರಹವೆಲ್ಲ ನಿಮ್ಮದೇ.’

ಲೇಬಲ್ ಮುಚ್ಚಳ ತೆಗೆದ. ‘ಟಪ್’ ಎಂದದ್ದು ಗೋಡೆಯಾಚೆಗೂ ಕೇಳಿಸಿತು. ಅವನು ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಕೆಳಮನೆಯ ನರ್ಸಮ್ಮ ಒಳಗಿದ್ದರು.

“ಅಯ್ಯೋ, ಬಟ್ಟೆ ಜಾಲಾಡಿಸಿದ ನೀರಿನ ಹಾಗಿದೆಯಲ್ಲೋ! ಕೆಟ್ಟುಹೋಗಿದೆ ಕಣಪ್ಪ. ಮೂವತ್ತು ವರ್ಷ ಆಸ್ಪತ್ರೇಲಿ ಬಾಟಲಿ ನೋಡಿದೋಳು ನಾನು.”

“ಇದು ಸೋಸದೆ ಮಾಡೋ ಬಿಯರು, ಹೀಗೇ...”

ಅಷ್ಟರಲ್ಲಿ ನರ್ಸಮ್ಮನ ಕೈಯಲ್ಲಿ ಅರ್ಧ ಲೋಟ ಖಾಲಿ. “ವಿಷ ಅಲ್ಲ. ಲವಂಗ ಇದೆ,” ಎಂದು ತೀರ್ಪು ಬಂತು.

ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ ಪಕ್ಕದ ಟೈಲರ್, “ಒಬ್ಬರ ಪರೀಕ್ಷೆ ಸಾಲದು, ಅಕ್ಕ,” ಎಂದು ಉಳಿದರ್ಧ ಮುಗಿಸಿದ. ಕಣ್ಣು ಮುಚ್ಚಿ ನಿಂತ. “ನಾಲಿಗೆ ಮೇಲೆ ಒರಟು ಲಿನನ್ನು. ಗಂಟಲಿಗಿಳಿದ ಮೇಲೆ ರೇಷ್ಮೆ.”

“ಪಕ್ಕಕ್ಕೆ ಸರಿಯಿರಿ ಎಲ್ಲರೂ,” ಎನ್ನುತ್ತ ಅತ್ತೆ ಅಡುಗೆಮನೆಯಿಂದ ಬಂದರು. “ಅಳಿಯಂದ್ರು ಬಾಯಿಗಿಡೋ ಮುಂಚೆ ನಾನು ನೋಡಬೇಡ್ವಾ? ನಾಳೆ ನನ್ನ ಮಗಳಿಗೆ ಯಾರು ಜವಾಬು ಹೇಳೋದು?”

ಅವರು ಔಷಧ ಕುಡಿಯುವಂತೆ ಮುಖ ಕಿವುಚಿ ಶುರುಮಾಡಿದರು. ಕಿವುಚಿದ ಮುಖ ಎರಡನೆಯ ಗುಟುಕಿಗೇ ಬಿಚ್ಚಿಕೊಂಡಿತು. “ಬಾಳೆಹಣ್ಣು. ಬ್ರೆಡ್ಡಿನ ಸೀದ ಅಂಚು. ಇನ್ನೂ ಏನೋ ಇದೆ, ಹಿಡಿತಕ್ಕೆ ಸಿಗ್ತಿಲ್ಲ. ಸ್ವಲ್ಪ ಹಾಕಿ.” ಆ ಏನೋ ಮೂರನೆಯ ಸಲಕ್ಕೂ ಸಿಗಲಿಲ್ಲ.

ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಿತ್ತು. ಲೇಬಲ್ ಕೈ ಚಾಚಿದ. ನರ್ಸಮ್ಮ ಚಟ್ಟನೆ ಕಸಿದುಕೊಂಡರು. “ತಳದಲ್ಲೆಲ್ಲ ಕೊಳೆ ಕೂತಿದೆ, ಮಕ್ಕಳಿರೋ ಮನೆ!” ಸಿಂಕಿಗೆ ಸುರಿದು, ಸೋಪು ಹಾಕಿ ತೊಳೆದು, ಬಾಟಲಿಯನ್ನು ಬೋರಲು ಹಾಕಿಟ್ಟರು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಲೇಬಲ್ ಒಣಗಿದ ನಾಲಿಗೆಯಲ್ಲಿ ತುಟಿ ಸವರಿಕೊಂಡು, ಮೂವರ ಮಾತನ್ನೂ ಪೋಣಿಸಿ ನಾಲ್ಕು ಸಾಲು ಬರೆದ.

ಹನ್ನೆರಡಕ್ಕೆ ಸರಿಯಾಗಿ ಬಂದ ಯಜಮಾನ ಅದನ್ನು ಎರಡು ಸಲ ಓದಿದ. ಕಣ್ಣು ಒದ್ದೆಯಾದವು. “ಒರಟು ಲಿನನ್ನು, ಆಮೇಲೆ ರೇಷ್ಮೆ... ರೈ ಅಂದ್ರೆ ಅದೇ ರೀ! ತಳದಲ್ಲಿ ಕೂತಿರೋ ಯೀಸ್ಟನ್ನೂ ಕುಲುಕಿ ಕುಡಿದಿರಬೇಕು. ಜೀವ ಇರೋದೇ ಅದರಲ್ಲಿ.”

“ಕುಡಿದೆ,” ಎಂದ ಲೇಬಲ್. ನರ್ಸಮ್ಮ ಫ್ಯಾನು ನೋಡಿದರು.

“ಆದರೆ ಬರೆಯೋ ಕೆಲಸ ನಿಮಗೆ ಕೊಡಲ್ಲ.”

ಲೇಬಲ್‌ನ ಮುಖ ಇಸ್ತ್ರಿ ಕಾಣದ ಅಂಗಿಯಂತಾಯಿತು.

“ಬರೆಯೋರು ಯಾರಾದ್ರೂ ಸಿಗ್ತಾರೆ. ಇಂಥ ನಾಲಿಗೆ ಸಿಗಲ್ಲ. ಇವತ್ತಿನಿಂದ ನೀವು ನಮ್ಮ ರುಚಿ ನೋಡೋರು.” ಯಜಮಾನ ಚೀಲದಿಂದ ಇನ್ನೊಂದು ಬಾಟಲಿ ತೆಗೆದು ತಾನೇ ಲೋಟಕ್ಕೆ ಬಗ್ಗಿಸಿದ. “ಇದು ಎರಡನೇ ಬ್ಯಾಚು. ಬೆಳಗ್ಗೆ ಕುಡಿದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳಿಬಿಡಿ. ಸರಿಯಿಲ್ಲ ಅಂದ್ರೆ ಮೂರು ಪೀಪಾಯಿ ಇವತ್ತೇ ಚರಂಡಿಗೆ.”

ಟೈಲರ್ ಕೊರಳ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಅತ್ತೆ ಲೋಟದ ಕಡೆಗೆ ಒಂದು ಹೆಜ್ಜೆ ಇಟ್ಟರು. ಲೇಬಲ್ ಒಂದು ಗುಟುಕು ಎಳೆದು, ಬಲ್ಲವನಂತೆ ಕಣ್ಣು ಮುಚ್ಚಿ, ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದ.

ಪುಟ್ಟಿ ಅಪ್ಪನ ಮೊಣಕೈ ಹಿಡಿದು ಜಗ್ಗಿದಳು.

“ಅಪ್ಪಾ, ಬೆಳಗ್ಗೆಯದನ್ನ ಅಜ್ಜಿ, ಇವರೆಲ್ಲ ಸೇರಿ ಮುಗಿಸಿದ್ರಲ್ಲಾ, ನಿಮಗೆ ಹೇಗೆ ಗೊತ್ತಾಗುತ್ತೆ?”