ಕರಾಟೆಗೆ ಹಾಕಿದ ಗಂಜಿ ತಿಳಿ

ಕರಾಟೆ ಕಲಿಯುವ ಜಾಗಕ್ಕೆ ಒಂದು ಜಪಾನಿ ಹೆಸರಿದೆ. ‘ದೋ’ ಎಂದು ಶುರುವಾಗುತ್ತದೆ. ಮುಂದಿನದು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಹೋಗಲಿ, ಹೆಮ್ಮಾಡಿಯಲ್ಲಿ ಎಲ್ಲರೂ ಅದನ್ನು ಹಾಲ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಧಾರವಾಡದ ಕಡೆ ಹುಟ್ಟಿ, ಮದುವೆಯಾಗಿ ಈ ಕರಾವಳಿಗೆ ಬಂದವಳು ನಾನು. ಬಂದ ದಿನದಿಂದಲೂ ಹೊಸದೇನು ಕಂಡರೂ ಅನುಮಾನ. ಅನುಮಾನಪಟ್ಟದ್ದರಲ್ಲೇ ಹೋಗಿ ಸಿಕ್ಕಿಬೀಳುವುದೂ ನನಗೆ ತಪ್ಪಿದ್ದಲ್ಲ.

೧. ಕಾವಲು

ಹತ್ತು ವರ್ಷದ ಮೊಮ್ಮಗಳು ಕರಾಟೆ ಕಲಿಯುತ್ತೇನೆಂದು ಹಟ ಹಿಡಿದಳು. ಒಗೆದು ಹಾಕಿದ ಬಟ್ಟೆಗೆಲ್ಲ ಒದೆಯುತ್ತಿದ್ದಳು. ನನ್ನ ಮಗ ಒಂದು ತೀರ್ಪು ಕೊಟ್ಟ: “ಹಳದಿ ಬೆಲ್ಟ್ ಸಿಕ್ಕರೆ ಮುಂದುವರಿಸು. ಸಿಗದಿದ್ದರೆ ಬಿಡಬೇಕು. ಅಲ್ಲಿಯವರೆಗೆ ಅಜ್ಜಿ ಜೊತೆಗೆ ಬರಲಿ.”

ಮಾಸ್ತರರು ಇಲ್ಲಿಯವರೇ. ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡುತ್ತ, ಬಿಡುವಿನಲ್ಲಿ ಕರಾಟೆ ಕಲಿತು ಬಂದವರು. ಜಪಾನಿನ ವಿದ್ಯೆ ಮುಂಬೈಯ ಹೋಟೆಲಿನಲ್ಲಿ ಇಳಿದು ಹೆಮ್ಮಾಡಿಗೆ ಬರುವಷ್ಟರಲ್ಲಿ ಏನೇನು ಬೆರೆತಿದೆಯೋ ಎಂದು ನನಗೆ ಗುಮಾನಿ. ಮೊದಲ ದಿನ ಅವರು ಮಕ್ಕಳನ್ನು ಕಣ್ಣು ಮುಚ್ಚಿಸಿ ಕೂರಿಸಿದರು. ಕಾಲು ಗಂಟೆಯಾದರೂ ಯಾರೂ ಏಳಲಿಲ್ಲ.

“ಇದೇನ್ರೀ ಇದು, ಹೊಡಿಯೋದು ಕಲಸ್ತೀನಂದು ನಿದ್ದಿ ಮಾಡಸ್ತಾರ!” ಎಂದೆ, ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸಿಗೆ. ಅವಳ ಮಗನೂ ಆ ಸಾಲಿನಲ್ಲಿದ್ದ.

“ಹ್ವಾಯ್, ಗಲಾಟಿ ಮಾಡ್ಬೇಡಿ ಅಮ್ಮ,” ಎಂದು ಪಿಸುಗುಟ್ಟಿದಳು. “ನಮ್ ಮಾಣಿ ಹುಟ್ಟಿದ್ ಮೇಲೆ ಸುಮ್ನೆ ಕೂಕಂಡದ್ದ್ ಇವತ್ತೇ. ಹೊಡುಕ್ ಕಲ್ಸ್ದಿರೂ ಅಡ್ಡಿಲ್ಲ.”

೨. ಬ್ರಹ್ಮಾವರದ ಮಹಾಯುದ್ಧ

“ಅಮ್ಮ, ಮೊದ್ಲ್ ನಾವ್ ಹೊಡುಕಾಗ. ಅದೇ ಕರಾಟೆ,” ಎಂದು, ಮೊದಲ ಏಟು ನಮ್ಮದಾಗಬಾರದೆಂಬ ಪಾಠವನ್ನು ಮಾಸ್ತರರು ನನಗೂ ಹೇಳಿದ್ದರು. ಬ್ರಹ್ಮಾವರದ ಮಕ್ಕಳಿಗೂ ಅವರೇ ಕಲಿಸುತ್ತಿದ್ದರು. ಒಂದು ದಿನ ಎರಡೂ ಊರಿನ ಮಕ್ಕಳಿಗೆ ಪಂದ್ಯ ಇಟ್ಟರು.

ಮೀನಿನವಳ ಮಗನೂ ಬ್ರಹ್ಮಾವರದ ಹುಡುಗನೂ ಎದುರುಬದುರು ನಿಂತು ತಲೆಬಾಗಿದರು. ಮುಷ್ಟಿ ಕಟ್ಟಿದರು. ನಿಂತರು. ನಿಂತೇ ಇದ್ದರು.

“ಹೊಡಿ ಮಾರಾಯ,” ಎಂದ ಇವನು.

“ನಾ ಮೊದ್ಲ್ ಹೊಡುಕಾಗ. ನೀ ಹೊಡಿ.”

“ಮಾಷ್ಟ್ರ್ ಬೈತ್ರ್. ನೀನೇ ಹೊಡಿ.”

ಪಂದ್ಯದಲ್ಲಿ ಆ ನಿಯಮ ಬೇರೆ ಎಂದು ಹೇಳುವುದನ್ನು ಮಾಸ್ತರರು ಮರೆತಿದ್ದರು. ಕೊನೆಗೆ ಇಬ್ಬರೂ ಮತ್ತೆ ತಲೆಬಾಗಿ ಹೊರಟುಬಂದರು.

ಮೀನಿನವಳು ಸೆರಗು ಕೊಡವಿ ಎದ್ದಳು. “ಮದ್ವಿ ಮನೀಲ್ ಊಟಕ್ ಕೂಕಂಬುಕೂ ಇಷ್ಟ್ ಉಪಚಾರ ಇಲ್ಲ!”

೩. ಬೈಂದೂರಿನ ಪರೀಕ್ಷೆ

ಈ ನಡುವೆ ಒಂದು ತಪ್ಪು ನನ್ನಿಂದಲೇ ಆಯಿತು. ಬಿಳಿ ಬಟ್ಟೆ ಎಂದ ಮೇಲೆ ಗಂಜಿ ಹಾಕದೆ ಇರುವುದುಂಟೇ? ಯಜಮಾನರ ಪಂಚೆಗೆ ಹಾಕುವ ಹಾಗೆ ಮೊಮ್ಮಗಳ ಕರಾಟೆ ಬಟ್ಟೆಗೂ ಬೆಳ್ತಿಗೆ ಎನ್ನುವ ಇಲ್ಲಿಯ ಬಿಳಿ ಅಕ್ಕಿಯ ಅನ್ನ ಬಸಿದ ಗಂಜಿ ತಿಳಿ ಹಾಕಿ ಒಣಗಿಸಿದೆ. ಮರುದಿನ ಅವಳು ಒದ್ದರೆ ‘ಪಟಾರ್’ ಎಂದು ಸದ್ದು!

ಮಾಸ್ತರರು ಬೆರಗಾದರು. “ಕಾಣಿ ಮಕ್ಳೆ! ಒದ್ರೆ ಹೀಂಗಿರ್ಕ್!”

ನಾನು ಬಾಯಿ ಬಿಡಲಿಲ್ಲ. ದಿನದಿನಕ್ಕೆ ತಿಳಿ ಗಟ್ಟಿ ಮಾಡುತ್ತ ಹೋದೆ.

ಬೆಲ್ಟಿನ ಪರೀಕ್ಷೆಗೆ ಬೈಂದೂರಿಗೆ ಬಂದವರು ಮಾಸ್ತರರ ಗುರುಗಳ ಗುರು, ಜಪಾನಿನ ಮುದುಕರು. ನನ್ನ ಭುಜದಷ್ಟೂ ಎತ್ತರವಿಲ್ಲ. ಇವರೇನು ಕಲಿಸಿಯಾರು ಎಂದುಕೊಂಡೆ. ಮೊಮ್ಮಗಳು ಒದ್ದಳು. ಪಟಾರ್! ಮುದುಕರು ಎದ್ದು ಬಂದು ಅವಳ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಇಂಗ್ಲಿಷಿನಲ್ಲಿ ಏನೋ ಕೇಳಿದರು. “ಬಟ್ಟಿಗ್ ಎಂತ ಹಾಕಿದ್ರ್ ಅಂಬ್ರ್,” ಎಂದು ಮಾಸ್ತರರು ತಿರುಗಿಸಿ ಹೇಳಿದರು. ಅವಳು ನನ್ನ ಕಡೆ ತಿರುಗಿದಳು. ‘ಹೇಳಬೇಡ’ ಎಂದು ತಲೆಯಲ್ಲಾಡಿಸಿದೆ.

ದಿನಾ ಕ್ಲಾಸು ಬಿಡುವಾಗ ಸತ್ಯ ಹೇಳುತ್ತೇವೆಂದು ಮಕ್ಕಳು ಪ್ರತಿಜ್ಞೆ ಮಾಡುತ್ತಿದ್ದರು. ಆ ಪ್ರತಿಜ್ಞೆ ಈಗ ಅಡ್ಡ ಬಂತು. “ಅಜ್ಜಿ ಗಂಜಿ ತಿಳಿ ಹಾಕ್ತ್ರ್,” ಎಂದುಬಿಟ್ಟಳು. ಮಾಸ್ತರರು ಅದನ್ನೂ ಇಂಗ್ಲಿಷಿಗೆ ತಿರುಗಿಸಿದರು.

ಮುದುಕರು ಒಂದು ಕೊಡ ನೀರು ತರಿಸಿದರು. ಅವಳ ತೋಳಿಗೂ ಕಾಲಿಗೂ ಹುಯ್ಯಿಸಿದರು. “ಈಗ ಒದಿ,” ಎಂದರು ಮಾಸ್ತರರು, ಸಣ್ಣ ದನಿಯಲ್ಲಿ. ಬಟ್ಟೆ ಮೈಗೆ ಅಂಟಿತ್ತು. ಹುಡುಗಿ ತುಟಿ ಕಚ್ಚಿಕೊಂಡು ಒದ್ದಳು. ಸದ್ದಿಲ್ಲ. ಆದರೆ ಕಾಲು ತಲೆಗಿಂತ ಮೇಲೆ ಹೋಗಿ, ನಿಂತು, ಇಳಿಯಿತು. ನೀರು ಮಾತ್ರ ಪರೀಕ್ಷಕರ ಮುಖಕ್ಕೆ ಸಿಡಿಯಿತು.

ಮುದುಕರು ಮುಖ ಒರೆಸಿಕೊಂಡು, ತಾವೇ ಹಳದಿ ಬೆಲ್ಟ್ ಕಟ್ಟಿದರು. ಆಮೇಲೆ ನೇರ ನನ್ನ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬೈಸಿಕೊಳ್ಳಲು ಸಿದ್ಧಳಾಗಿ ಸೆರಗು ಹೊದ್ದು ನಿಂತೆ.

“ಅಮ್ಮ,” ಎಂದರು ಮಾಸ್ತರರು, “ಅವ್ರ್ ಬಟ್ಟಿಗೂ ಆ ತಿಳಿ ಹಾಕ್ಬೇಕಂಬ್ರ್. ಹ್ಯಾಂಗ್ ಮಾಡುದ್ ಅಂದ್ ಬರ್ದ್ ಕೊಡ್ಬೇಕಂಬ್ರ್. ಜಪಾನಿಗ್ ತಕಂಡ್ ಹೋತ್ರಂಬ್ರ್.”

ಮುದುಕರನ್ನು ಮೇಲಿಂದ ಕೆಳಗೆ ನೋಡಿದೆ. ಒಬ್ಬರೇ ಇರುವವರ ಹಾಗೆ ಕಂಡರು. ತಿಳಿಯ ಆಸೆಗೆ ಬಸಿದ ಅನ್ನವನ್ನೇ ಚೆಲ್ಲಿಬಿಟ್ಟರೆ? ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಮೊಮ್ಮಗಳ ಕೈಗೆ ಕಾಗದ ಕೊಟ್ಟು ಹೇಳಿದೆ:

“ಬರಿ ನಮ್ಮವ್ವ, ಇಂಗ್ಲಿಷಿನ್ಯಾಗ ಬರಿ. ಮೊದಲು ಕೂತು ಅನ್ನ ಉಣ್ರಿ, ಬಟ್ಟಿ ಆಮ್ಯಾಲ ನೋಡೂಣಂತ.”