ಸೋತವನು ಊರು ಬಿಡತಕ್ಕದ್ದು

ಒನೀಡಾಳಿಗೆ ಇಬ್ಬರು ಗಂಡಂದಿರು ಎಂದು ಪಾಪ್ಲರ್ ಬೀದಿಯವರು ಆಡಿಕೊಳ್ಳುತ್ತಿದ್ದರು. ಒಬ್ಬ ಊರು ಬಿಟ್ಟವನು, ಇನ್ನೊಬ್ಬ ಮುಖ ಮುಚ್ಚಿಕೊಂಡವನು. ಇಬ್ಬರೂ ಸೋಮವಾರ ಕಸದ ಡಬ್ಬಿ ಹೊರಗಿಡುವವರೇ. ಇಬ್ಬರಿಗೂ ಎಡಗಾಲು ಒಂಚೂರು ಕುಂಟು. "ಹುಡುಕಿ ಹುಡುಕಿ ಅಂಥವನನ್ನೇ ತಂದ್ಲು ನೋಡು," ಎಂದು ಪಕ್ಕದ ಮನೆಯ ಕ್ಲೋವಿಸ್ ಹ್ಯಾಗಿ ನಿಟ್ಟುಸಿರು ಬಿಡುತ್ತಿದ್ದ. ಅವನು ಚರ್ಚಿನ ಹಿರಿಯ. ಬೀದಿಯ ಪಾಪಗಳ ಲೆಕ್ಕವೆಲ್ಲ ಅವನ ನಾಲಗೆಯ ತುದಿಯಲ್ಲಿತ್ತು.

ಆ ಇಬ್ಬರೂ ಒಬ್ಬನೇ ಎಂಬುದು ಒನೀಡಾಳಿಗೆ ಗೊತ್ತಿತ್ತು. ಆ ಒಬ್ಬನಿಗೂ ಗೊತ್ತಿತ್ತೆನ್ನಿ.

ಆ ಒಬ್ಬ ಡೆಲ್ಬರ್ಟ್ ಸ್ಕಾಗಿನ್ಸ್. ಟೆನೆಸ್ಸಿಯ ಟಿವಿಯಲ್ಲಿ ಶನಿವಾರ ಬೆಳಿಗ್ಗೆ ಬರುತ್ತಿದ್ದ ಕುಸ್ತಿಯಲ್ಲಿ ಅವನು 'ಮದ್ದಾನೆ ಡೆಲ್ಬರ್ಟ್'. ಎದುರಾಳಿಯ ಕಣ್ಣಿಗೆ ಉಪ್ಪೆರಚುವ, ತೀರ್ಪು ಹೇಳುವವನ ಕಾಲು ತುಳಿಯುವ ದುಷ್ಟಶಿರೋಮಣಿ. (ಮನೆಯಲ್ಲಿ ಇಲಿ ಕಂಡರೆ ಕುರ್ಚಿ ಹತ್ತುತ್ತಿದ್ದ.) ಅಲ್ಲಿ ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದು ಮೊದಲೇ ಗೊತ್ತುಮಾಡಿದ ಮಾತು. ಆ ಗುಟ್ಟು ಬಿಟ್ಟುಕೊಟ್ಟವನಿಗೆ ಆ ಕಸುಬಿನಲ್ಲಿ ಜಾಗವಿಲ್ಲ. ಹೆಂಡತಿಗೆ ಹೇಳಬಹುದು, ಹೇಳದಿದ್ದರೂ ತಿಳಿದುಕೊಳ್ಳುತ್ತಾಳೆ. ಅತ್ತೆಗೆ ಮಾತ್ರ ಕೂಡದು. ಅತ್ತೆ ಜೆಲ್ಫಾ ಅದೇ ಮನೆಯಲ್ಲಿದ್ದಳು. ಹನ್ನೊಂದು ವರ್ಷ, ಟಿವಿಯಲ್ಲಿ ಅಳಿಯ ಮೋಸ ಮಾಡಿದ ಪ್ರತಿ ಶನಿವಾರ, ಅವನ ತಟ್ಟೆಗೆ ಮೆಕ್ಕೆಜೋಳದ ರೊಟ್ಟಿ ಬೀಳುತ್ತಿರಲಿಲ್ಲ.

ಕುಸ್ತಿಯವರದ್ದು ಅಲೆಮಾರಿ ಬಾಳು. ಆ ಹನ್ನೊಂದು ವರ್ಷದಲ್ಲಿ ಏಳು ಊರು. ಏಳೂ ಊರಲ್ಲಿ ಡೆಲ್ಬರ್ಟ್ ಟೊಮೆಟೊ ನೆಟ್ಟಿದ್ದ. ಕಾಯಿ ಕೆಂಪಗಾಗುವ ಮೊದಲೇ ಗಂಟುಮೂಟೆ ಕಟ್ಟಿದ್ದ. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಈ ಬೀದಿಯ ಅಂಗಳದಲ್ಲಿ ಹನ್ನೆರಡು ಗಿಡ ನೆಟ್ಟು ಹೆಂಡತಿಗೆ ಹೇಳಿದ: "ಈ ಸಲ ಒಂದು ಹಣ್ಣಾದ್ರೂ ತಿಂದೇ ನಾನು ಈ ಮನೆ ಬಿಡೋದು."

ಗಿಡ ಹೂಬಿಟ್ಟಾಗ ಕುಸ್ತಿ ನಡೆಸುವ ಯಜಮಾನ ಕರೆಸಿದ. "ಚೆಲುವ ರಾಡ್ನಿ ಜೊತೆ ನಿನ್ನ ಕಾಳಗ. ಷರತ್ತು ಏನಪ್ಪಾ ಅಂದ್ರೆ, ಸೋತವನು ಊರು ಬಿಡತಕ್ಕದ್ದು. ನೀನು ಸೋಲ್ತೀಯ."

"ಅಣ್ಣಾ, ಟೊಮೆಟೊ..."

"ಯಾರು ನಿಜವಾಗ್ಲೂ ಬಿಡು ಅಂದ್ರು? ಎರಡು ದಿನ ಕಣ್ಮರೆಯಾಗು. ಆಮೇಲೆ ಮುಖವಾಡ ಹಾಕ್ಕೊಂಡು 'ಅನಾಮಧೇಯ' ಅಂತ ಬಾ. ಮನೆಯಲ್ಲೂ ತೆಗೀಬೇಡ, ಅಷ್ಟೇ."

ಡೆಲ್ಬರ್ಟ್ ಈ ಸೋಲಿಗಾಗಿ ಒಂದು ಅಪೂರ್ವ ಪತನವನ್ನು ಸಿದ್ಧಪಡಿಸಿದ. ಅಖಾಡದ ಸುತ್ತ ಬಿಗಿದ ಹಗ್ಗದ ಮೇಲಿಂದ ಹಿಮ್ಮುಖವಾಗಿ, ಎರಡು ಕೈ ಚಾಚಿ, ಬುಡ ಕಡಿದ ಮರದ ಹಾಗೆ. ಅದಕ್ಕೆ 'ಗಜಪತನ' ಎಂದು ತಾನೇ ನಾಮಕರಣ ಮಾಡಿ, ಹಾಸಿಗೆಯ ಮೇಲೆ ಬಿದ್ದು ಬಿದ್ದು ಮಂಚದ ಎರಡು ಕಾಲು ಮುರಿದ. ಬುಧವಾರ ಚಿತ್ರೀಕರಣದಲ್ಲಿ ಅದನ್ನು ಪರಮಾದ್ಭುತವಾಗಿ ನೆರವೇರಿಸಿದ.

ಶನಿವಾರ ಬೀದಿಯೆಲ್ಲ ಅವನ ಮನೆಯ ಟಿವಿ ಮುಂದೆ. ಮೊದಲ ಅರ್ಧ ಗಂಟೆ ರಾಡ್ನಿ ತನ್ನ ಕೂದಲಿನ ಬಗ್ಗೆ ಮಾತಾಡಿದ. ಆಮೇಲೆ ಹಳೇ ಕಾರು ಮಾರುವವನು ಬಂದು ಕಿರುಚಿದ. ಕೊನೆಗೆ ಕಾಳಗ. ಡೆಲ್ಬರ್ಟ್ ಹಗ್ಗ ಹತ್ತಿದ, ಕೈ ಚಾಚಿದ... ಆಗ ಹವಾಮಾನದವನು ಪ್ರತ್ಯಕ್ಷನಾಗಿ ಮೂರು ಜಿಲ್ಲೆಗಳಲ್ಲಿ ಆಲಿಕಲ್ಲು ಬೀಳುವ ಸಂಭವವಿದೆ ಎಂದ. ಅವನು ಹೋಗುವಷ್ಟರಲ್ಲಿ ರಾಡ್ನಿಯ ಕೈ ಮೇಲಿತ್ತು, ಕಾರ್ಯಕ್ರಮ ಮುಗಿದಿತ್ತು.

"ಇವನು ಸೋತದ್ದು ಯಾವುದಕ್ಕೆ?" ಎಂದ ಕ್ಲೋವಿಸ್.

"ಆಲಿಕಲ್ಲಿಗೆ," ಎಂದಳು ಅತ್ತೆ.

"ಇದಕ್ಕಾ ನಾನು ಒಂದು ಗಂಟೆ ಕೂತದ್ದು? ಥೂ, ಇದಕ್ಕಿಂತ ನನ್ನ ಹೆಂಡತಿ ಕೋಳಿ ಹಿಡಿಯೋದೇ ವಾಸಿ." ಕ್ಲೋವಿಸ್ ಎದ್ದು ಟೋಪಿ ಹಾಕಿಕೊಂಡ. "ಇರ್ಲಿ. ಡೆಲ್ಬರ್ಟ್, ಎಷ್ಟು ಗಂಟೆಗೆ ಹೊರಡ್ತೀಯಪ್ಪಾ?"

ಮಾತು ಮಾತೇ. ಬೀದಿಯವರು ಸಾಲಾಗಿ ನಿಂತು ಬೀಳ್ಕೊಟ್ಟರು. ಅತ್ತೆ ಐದು ಅಂಗಿ ಇಸ್ತ್ರಿ ಮಾಡಿಕೊಟ್ಟಳು.

ಮೂರನೆಯ ದಿನ ಆ ಮನೆಗೆ ಮುಖವಾಡದ ಬಾಡಿಗೆದಾರ ಬಂದ. ಬಂದವನೇ ಟೊಮೆಟೊಗೆ ನೀರು ಹಾಕಿದ. ಅತ್ತೆ ಅವನನ್ನು ಏನೂ ಕೇಳಲಿಲ್ಲ. ದಿನವೂ ರೊಟ್ಟಿ ಬಡಿಸಿದಳು. ಗೋಡೆಗೆ ಡೆಲ್ಬರ್ಟನ ಫೋಟೊ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದಳು: "ನನ್ನ ಅಳಿಯ. ಪೋಕರಿ. ಆದ್ರೆ ಕೊಟ್ಟ ಮಾತಿಗೆ ಮನೆ ಬಿಟ್ಟು ಹೋದ ಗಂಡಸು." ಹನ್ನೊಂದು ವರ್ಷದಲ್ಲಿ ಕೇಳಿದ ಮೊದಲ ಹೊಗಳಿಕೆ! ಮುಖವಾಡದೊಳಗೆ ಡೆಲ್ಬರ್ಟ್ ಗಳಗಳ ಅತ್ತ. (ಒರೆಸಿಕೊಳ್ಳಲು ದಾರಿ ಇರಲಿಲ್ಲ.)

ಮೂರು ವಾರಕ್ಕೆ ಕಾಯಿ ಕೆಂಪೇರಿತು. 'ನಾಳೆ ಕೀಳುತ್ತೇನೆ' ಎಂದುಕೊಂಡ. ಮಾರನೆಯ ಬೆಳಿಗ್ಗೆ ಕ್ಲೋವಿಸ್ ಇಡೀ ಬೀದಿಯನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದು ನಿಂತ.

"ತಂಗಿ ಒನೀಡಾ! ಡೆಲ್ಬರ್ಟ್ ಕೆಟ್ಟವನೇ ಇರ್ಬಹುದು, ಆದ್ರೆ ನಿನ್ನ ಕೈಹಿಡಿದವನು. ಅವನ ಮನೇಲಿ ಈ ಮುಸುಕಿನವನು ಯಾರು? ಹೊರಗೆ ಹಾಕಮ್ಮಾ, ಇಲ್ಲಾಂದ್ರೆ ನಾವೇ ಹಾಕ್ತೀವಿ."

ಒಳಗೆ ಅಡುಗೆಮನೆಯಲ್ಲಿ ಡೆಲ್ಬರ್ಟನಿಗೆ ತಡೆಯಲಾಗಲಿಲ್ಲ. ಮುಖವಾಡ ಕಿತ್ತ. "ಅತ್ತೇ, ನಾನೇ!"

ಜೆಲ್ಫಾ ಒಮ್ಮೆ ಅವನನ್ನು, ಒಮ್ಮೆ ಫೋಟೊವನ್ನು ನೋಡಿದಳು. "ಹಾಕ್ಕೊಳೋ ಅದನ್ನ! ನನ್ನ ಅಳಿಯ ಮಾತು ತಪ್ಪಿದ ಅಂತ ಊರಿಗೆ ಗೊತ್ತಾಗ್ಬೇಕಾ?" ಅವನು ಹಾಕಿಕೊಂಡದ್ದೇ ತಡ, ಎಪ್ಪತ್ತೊಂದು ವರ್ಷದ ಮುದುಕಿ ಅವನ ಕತ್ತನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಎಳೆದು ತಂದಳು.

ಜನ ಹೋ ಎಂದರು. ಆ ಗದ್ದಲದಲ್ಲಿ ಅತ್ತೆ ಅವನ ಕಿವಿಗೆ ಪಿಸುಗುಟ್ಟಿದಳು: "ಮೊಣಕಾಲು ನೆಲಕ್ಕೂರು. ಈಗ ಒದ್ದಾಡು. ಸ್ವಲ್ಪ ಜೋರಾಗಿ."

ಡೆಲ್ಬರ್ಟ್ ದಂಗಾದ. "ನಿಮಗೆ ಗೊತ್ತಿತ್ತಾ?"

"ಹನ್ನೊಂದು ವರ್ಷದಿಂದ ಗೊತ್ತು, ಮುಚ್ಚು ಬಾಯಿ. ಬೇಲಿ ಮೇಲಿಂದ ಎಡಕ್ಕೆ ಬೀಳು, ಬಲಗಡೆ ಗುಲಾಬಿ ಮುಳ್ಳಿದೆ."

"ಮತ್ತೆ ಶನಿವಾರ ರೊಟ್ಟಿ ಯಾಕೆ ಕೊಡ್ತಿರ್ಲಿಲ್ಲ?"

"ನೀನು ಬೀಳೋದು ಸರಿಯಿರ್ತಿರ್ಲಿಲ್ಲ."

ಅವನು ಬೇಲಿ ಹತ್ತಿದ. ಕೈ ಚಾಚಿದ. ಹಿಮ್ಮುಖವಾಗಿ, ನಿಧಾನವಾಗಿ, ಬುಡ ಕಡಿದ ಮರದ ಹಾಗೆ ಗಜಪತನವಾಯಿತು. ಯಾವ ಹವಾಮಾನದವನೂ ಅಡ್ಡ ಬರಲಿಲ್ಲ. "ಇದಪ್ಪಾ ಕುಸ್ತಿ ಅಂದ್ರೆ!" ಎಂದು ಕ್ಲೋವಿಸ್ ಟೋಪಿ ಎಸೆದು ಕುಣಿದ.

ಅತ್ತೆ ಬೇಲಿ ದಾಟಿ ಬಂದು, ಕೊನೆಯ ಪಟ್ಟು ಹಾಕುವ ನೆಪದಲ್ಲಿ ಮತ್ತೆ ಬಗ್ಗಿದಳು. "ಅಲಬಾಮಾ ಕಡೆ ಮನೆ ಹುಡುಕು. ಮುಂದಿನ ವಾರ ಒನೀಡಾ ಬರ್ತಾಳೆ. ಮೂರು ಕೋಣೆ ಇರ್ಲಿ, ನಾನೂ ಬರ್ತೀನಿ."

ಅವನ ನರಳಾಟ ಈಗ ನಿಜವಾಗಿಯೇ ಕೇಳಿಸಿತು.

ದುಷ್ಟನನ್ನು ಬರಿಗೈಲಿ ಕಳಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ಜನ ಕೈಗೆ ಸಿಕ್ಕಿದ್ದನ್ನು ಎಸೆಯತೊಡಗಿದರು. ಕೈಗೆ ಸಿಕ್ಕಿದ್ದು ಹನ್ನೆರಡು ಗಿಡದ ಟೊಮೆಟೊ. ಡೆಲ್ಬರ್ಟ್ ಕುಂಟುತ್ತ ಕಾರಿನ ಕಡೆ ಓಡುವಾಗ ಒಂದು ಹಣ್ಣು ಮುಖಕ್ಕೇ ಬಡಿದು ಒಡೆಯಿತು. ಮುಖವಾಡದ ಬಾಯಿಯ ತೂತಿನಿಂದ ರಸ ಒಳಗಿಳಿಯಿತು.

ಅವನು ಕಾರಿನ ಬಾಗಿಲಲ್ಲಿ ಅರೆಕ್ಷಣ ನಿಂತು ತುಟಿ ಸವರಿಕೊಂಡ. ಸಿಹಿಯಾಗಿತ್ತು. ಕಾರು ಹೊರಟಿತು.